ಹಸಿದ ಇದ್ದಿಲು

ಅವಳ ಅಂಗೈಯ ಗೆರೆಗಳೆಲ್ಲ ಕಪ್ಪಗಿದ್ದವು. ಪಾಲಕ್ ಕಟ್ಟು ಎತ್ತಿ ಕೊಡುವಾಗ ಒಂದೊಂದು ಗೆರೆಯೂ ಬೇರೆಬೇರೆ ಕಾಣುತ್ತಿತ್ತು. ದೆಹಲಿಯ ದ್ವಾರಕಾದ ನಮ್ಮ ಸೊಸೈಟಿ ಗೇಟಿನ ಹೊರಗೆ ಗೋಣಿ ಹಾಸಿ ಕೂರುತ್ತಿದ್ದ ಸೊಪ್ಪಿನವಳು. ಮಕ್ಕಳೇ, ನೀವು ಅವಳನ್ನು ಆಂಟಿ ಎನ್ನುತ್ತಿದ್ದಿರಿ. ನಾನು ದೀದಿ ಎನ್ನುತ್ತಿದ್ದೆ, ಅದೂ ಮನಸ್ಸಿನಲ್ಲೇ. ನಿಮ್ಮ ತಾತ ಹೋದ ಮೇಲೆ ಇಲ್ಲಿಗೆ ಬಂದ ನನಗೆ ಹಿಂದಿ ತಿಳಿಯುತ್ತಿತ್ತು, ಆಡಲು ನಾಲಿಗೆ ಏಳುತ್ತಿರಲಿಲ್ಲ. ಬೆರಳು ತೋರಿಸಿ ಕೊಳ್ಳುತ್ತಿದ್ದೆ. ಅವಳು ಮಾತ್ರ ನಾನು ಉತ್ತರ ಕೊಟ್ಟೆನೆಂದೇ ತಿಳಿದವಳಂತೆ ಮಾತು ಮುಂದುವರಿಸುವಳು. ಬಾಡಿದ ಎಲೆ ಕಂಡರೆ ಕಿತ್ತು ಮಡಿಲಿಗೆ ಹಾಕಿಕೊಂಡು, ಮಣ್ಣಿನದು ಮಣ್ಣಿಗೇ ವಾಪಸ್ ಎನ್ನುವಳು. ನಮ್ಮ ಮನೆಯ ತರಕಾರಿ ಸಿಪ್ಪೆಯನ್ನೂ ಕೇಳಿ ಒಯ್ಯುವಳು.

ಹೋದ ಚಳಿಗಾಲದಲ್ಲಿ ಒಂದು ದಿನ ಅವಳು ಎಲೆ ಕೀಳುತ್ತಲೇ ಕೂತಿದ್ದಳು. ಪಾಲಕ್ ಎಲ್ಲ ಹಳದಿ. ನಾನು ಕೇಳದಿದ್ದರೂ ಹೇಳಿಕೊಂಡಳು. ನಜಫ್‌ಗಢದ ಕಡೆ ಅವಳು ಗುತ್ತಿಗೆಗೆ ಹಿಡಿದ ಹೊಲದಲ್ಲಿ ಸಾರ ಉಳಿದಿರಲಿಲ್ಲ. ಇದ್ದಿಲು ಬೆರೆಸಿದರೆ ಮಣ್ಣು ಸುಧಾರಿಸುತ್ತದೆಂದು ಯಾರೋ ಹೇಳಿದರಂತೆ. ಸಾಸಿವೆ ಕಡ್ಡಿಯನ್ನು ಗುಂಡಿಯಲ್ಲಿ ಸುಟ್ಟು, ನೀರೆರಚಿ ಆರಿಸಿ, ಕುಟ್ಟಿ, ಆ ಪುಡಿಯನ್ನು ನೇರ ಪಾತಿಗಳಿಗೆ ಹಾಕಿದ್ದಳು; ಪೈರು ಇನ್ನಷ್ಟು ಹಳದಿಯಾಯಿತು. ಹೋಳಿಯೊಳಗೆ ಹೊಲ ಹಸಿರಾಗದಿದ್ದರೆ ಮದುವೆ ಗಾಡಿಗಳ ಪಾರ್ಕಿಂಗ್‌ಗೆ ಕೊಡುತ್ತೇನೆಂದು ಜಮೀನಿನ ಯಜಮಾನ ಹೇಳಿಬಿಟ್ಟಿದ್ದ.

ಎಲ್ಲಿ ತಪ್ಪಿತೆಂದು ನನಗೆ ಗೊತ್ತಿತ್ತು! ನಮ್ಮತ್ತೆ ಒಲೆಯ ಇದ್ದಿಲನ್ನು ಎಂದೂ ನೇರ ಹೊಲಕ್ಕೆ ಸುರಿದವರಲ್ಲ. ಕೊಟ್ಟಿಗೆಯಲ್ಲಿ ದನದ ಕಾಲಡಿ ಹರಡಿ, ಗಂಜಲ ಕುಡಿಸಿ, ಆಮೇಲೆ ತಿಪ್ಪೆಗೆ ಹಾಕುತ್ತಿದ್ದರು. ಬರೀ ಇದ್ದಿಲು ಹಸಿದ ನೆಂಟನ ಹಾಗೆ, ಪೈರಿನ ತಟ್ಟೆಗೇ ಕೈ ಹಾಕುತ್ತದೆ ಎನ್ನುತ್ತಿದ್ದರು.

"ದೀದಿ, ಕೋಯ್ಲಾ ಭೂಖಾ ಹೈ," ಎಂದೆ. ಇದ್ದಿಲಿಗೆ ಹಸಿವು, ಮೊದಲು ಅದಕ್ಕೆ ಉಣ್ಣಿಸು ಅಂತ.

ಅವಳು ನನ್ನ ಮುಖವನ್ನೇ ನೋಡಿದಳು. "ಅಚ್ಛಾ, ಅಮ್ಮಾಜಿಗೆ ನಾಲಿಗೆ ಇದೆ. ಇಷ್ಟು ದಿನ ಎಲ್ಲಿ ಬೀಗ ಹಾಕಿಟ್ಟಿದ್ದಿರಿ?"

ಮರುದಿನವೇ ಆಟೋ ಹತ್ತಿಸಿ ಹೊಲಕ್ಕೆ ಕರೆದೊಯ್ದಳು. ಉಳಿದ ಇದ್ದಿಲನ್ನು ಡ್ರಮ್ಮಿನಲ್ಲಿ ಸಗಣಿ, ಗಂಜಲದ ಜೊತೆ ನೆನೆಹಾಕಿದೆವು. ಮಣ್ಣು ಸೇರಿದ್ದ ಇದ್ದಿಲಿಗೆ ನೀರು ಬೆರೆಸಿದ ಗಂಜಲ ಎರೆದೆವು. ಎರಡು ವಾರ ಕಳೆದ ಮೇಲೆ ಡ್ರಮ್ಮಿನದನ್ನು ಗೊಬ್ಬರದೊಂದಿಗೆ ಸೇರಿಸಿ ಹೊಸದಾಗಿ ಬಿತ್ತಿದಳು. ಆಮೇಲೆ ದಿನಕ್ಕೊಂದು ಎಲೆ ತಂದು ನನ್ನ ಕೈಯಲ್ಲಿಡುತ್ತಿದ್ದಳು. ನಿನ್ನೆಯದಕ್ಕಿಂತ ಇಂದಿನದು ಗಾಢ! ನಾನು ಬೆಳಗಾಗುವುದನ್ನೇ ಕಾಯುತ್ತಿದ್ದೆ.

ಹೋಳಿಗೆ ಮುಂಚೆ ಯಜಮಾನ ಬಂದಾಗ ನನ್ನನ್ನೂ ಕರೆಸಿದಳು. ಹೊಲವಿಡೀ ಹಸಿರು. ಏನು ಹಾಕಿದೆ ಎಂದು ಅವನು ಅವಳನ್ನು ಕೇಳಿದ. ಅವಳು ನನ್ನ ಬೆನ್ನಿಗೆ ಕೈ ಕೊಟ್ಟು ಮುಂದೆ ತಳ್ಳಿದಳು.

"ಇವರನ್ನು ಕೇಳಿ."

ನಮ್ಮೂರಲ್ಲೂ ನಾನು ಪರಗಂಡಸರೆದುರು ಬಾಯಿ ಬಿಟ್ಟವಳಲ್ಲ. ಹರಕುಮುರುಕು ಹಿಂದಿಯಲ್ಲಿ ಅತ್ತೆಯ ಕೊಟ್ಟಿಗೆಯಿಂದ ಹಿಡಿದು ಡ್ರಮ್ಮಿನವರೆಗೂ ಹೇಳಿದೆ. ಅವನು ಪೂರ್ತಿ ಕೇಳಿದ. ಕಾಲುವೆಯಾಚೆಯ ತನ್ನ ಇನ್ನೊಂದು ಹೊಲಕ್ಕೂ ಹೀಗೇ ಮಾಡಬಹುದೇ ಎಂದ.

ಈಗ ಅವಳಿಗೆ ಎರಡು ಹೊಲ, ಗೇಟಿನ ಬಳಿ ಕೂರಲು ಪುರುಸೊತ್ತಿಲ್ಲ. ಅಂದು ನನ್ನ ಮಾತು ತಪ್ಪಿದ್ದರೆ ಹೋಗುತ್ತಿದ್ದುದು ಅವಳ ಅನ್ನ. ಆದರೂ ಮಾತಾಡುವ ಸರದಿಯನ್ನು ಅವಳು ನನಗೆ ಬಿಟ್ಟುಕೊಟ್ಟಳು.