ಅಟ್ಟದಲ್ಲೇ ಉಳಿದ ಸಾಹುಕಾರರು

"ಲೇ, ನನ್ನ ಇಳಿಸ್ತೀಯೋ, ಇಲ್ಲಿಗೇ ಊಟ ಕಳಿಸ್ತೀಯೋ?" ಎಂದು ಅಟ್ಟದ ಮಟ್ಟದಿಂದ ಸಾಹುಕಾರರು ಕೂಗಿದರು. ಹಿರಿಯೂರಿನ ಅವರ ಹತ್ತಿ ಗಿರಣಿಯಲ್ಲಿ ಮೂಟೆ ಎತ್ತುವ ಹೊಸ ಲಿಫ್ಟಿಗೆ ತಂತಿ ಜೋಡಿಸಿದವನು ನಾನೇ. ಮೊದಲ ಸವಾರಿ ಅವರದು. ತುದಿ ಮುಟ್ಟಿದ ಕೂಡಲೇ ಅಲ್ಲಿನ ಸ್ವಿಚ್ಚು ಕರೆಂಟು ಕಡಿದು, ಮೋಟಾರು ಸರಿಯಾಗಿಯೇ ನಿಂತಿತು. ಆದರೆ ಇಳಿಸಲು ಹಿಡಿಕೆ ತಿರುಗಿಸಿದರೆ ಲಿಫ್ಟು ಅಲ್ಲಾಡಲೇ ಇಲ್ಲ. ಸಾಹುಕಾರರದು ಏಣಿ ಇಳಿಯುವ ಮೈಯಲ್ಲ.

ಹರಿಯಬ್ಬೆಯಿಂದ ಹತ್ತಿ ಗಾಡಿ ತಂದಿದ್ದ ಈರಜ್ಜ ಊರಲ್ಲಿ ಕಪಿಲೆ ಹೊಡೆದು, ಎತ್ತುಗಳನ್ನು ಇಳಿಜಾರಿನಲ್ಲಿ ಮುಂದಕ್ಕೂ ಹಿಂದಕ್ಕೂ ನಡೆಸಿ ಬಾವಿ ನೀರೆತ್ತುವವನು. ವಿಷಯ ಕೇಳಿ ನಕ್ಕುಬಿಟ್ಟ. "ಎತ್ತು ಇಳಿಜಾರಿನ ತುದಿಗೆ ಹೋದ್ರೆ ಮುಂದಕ್ಕೆ ಬ್ಯಾಡ ಅಂತೀನಪ್ಪ. ಹಿಂದಕ್ಕೂ ಬ್ಯಾಡ ಅಂದ್ರೆ ಸಂಜಿತನ್ಕ ಅಲ್ಲೇ ನಿಂತಿರ್ತೈತೆ!"

ಥಟ್ಟನೆ ಹೊಳೆಯಿತು. ನನ್ನ ಸ್ವಿಚ್ಚು ಏರುವುದಕ್ಕೂ ಇಳಿಯುವುದಕ್ಕೂ ಒಟ್ಟಿಗೇ ಕರೆಂಟು ಕಡಿದಿತ್ತು. ಗಿರಣಿಗೆ ಕರೆಂಟು ಕೊಡುವ ಡೈನಮೋ ನಿಲ್ಲಿಸಿ, ಮೇಲಿನ ಸ್ವಿಚ್ಚನ್ನು ಏರುವ ದಾರಿಗೆ ಮಾತ್ರ, ಕೆಳಗಿನದನ್ನು ಇಳಿಯುವ ದಾರಿಗೆ ಮಾತ್ರ ಜೋಡಿಸಿದೆ. ಸಾಹುಕಾರರು ಪಲ್ಲಕ್ಕಿಯಲ್ಲಿ ಕುಂತವರ ಹಾಗೆ ಮೆಲ್ಲಗೆ ಇಳಿದು ಬಂದರು. "ನೀನೂ ಹತ್ತಿ ನೋಡಜ್ಜ" ಎಂದು ನಾನು ಕರೆದರೆ ಈರಜ್ಜ ಕೈಮುಗಿದು ಗಾಡಿ ಹೊಡೆದ.

ಆಮೇಲೆ ಎಷ್ಟೋ ಮೋಟಾರುಗಳಿಗೆ ತಂತಿ ಎಳೆದಿದ್ದೇನೆ. ಎಲ್ಲಿ ನಿಲ್ಲಬೇಕು ಎಂದು ನೋಡುವ ಮೊದಲು, ನಿಂತದ್ದು ತಿರುಗಿ ಬರುವುದು ಹೇಗೆ ಎಂದು ನೋಡುತ್ತೇನೆ.