ಬೇವಿನ ಮಗ್ಗಲಿನ ತುಂಡಿನಲ್ಲಿ ಏನಿದೆ

ನಮ್ಮವರು ಮಿಲಿಟರಿಯಿಂದ ರಿಟೈರಾಗಿ ಬಂದಾಗ ಊರವರೆಲ್ಲ ತಿಳಿದದ್ದು ಒಂದೇ: ಇನ್ನು ಇವರು ಚಿಕ್ಕೋಡಿಯ ಯಾವುದೋ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕೂರುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಸಂಜೆಗೆ ಮನೆಗೆ ಬರುತ್ತಾರೆ, ಎದುರಿಗೆ ಕೂರಿಸಿಕೊಂಡು ಜಗಳ ಮಾಡಬಹುದು ಎಂಬ ದೊಡ್ಡ ಆಸೆ ನನ್ನದು. ಅಷ್ಟು ವರ್ಷ ಫೋನಿನಲ್ಲೇ ಜಗಳವಾಡಿದ್ದೆ. ನನಗೆ ಸಿಟ್ಟು ಏರುವ ಹೊತ್ತಿಗೆ ಸರಿಯಾಗಿ ಅವರಿಗೆ ರೇಂಜ್ ಹೋಗುತ್ತಿತ್ತು.

ಇವರು ಬ್ಯಾಂಕಿಗೆ ಹೋಗಲಿಲ್ಲ, ಶ್ರೀಲಂಕಾಕ್ಕೆ ಹೋದರು. ಅಲ್ಲಿ ಒಳಯುದ್ಧ ಮುಗಿದು ವರ್ಷಗಳಾಗಿದ್ದರೂ ಉತ್ತರದ ಹೊಲಗಳಲ್ಲಿ ಎರಡೂ ಕಡೆಯವರು ಹುಗಿದಿಟ್ಟ ನೆಲಬಾಂಬುಗಳು ಹಾಗೇ ಇದ್ದವಂತೆ. ಅವನ್ನು ಒಂದೊಂದಾಗಿ ತೆಗೆಯುವ ಸಂಸ್ಥೆಯೊಂದು, ಸೈನ್ಯದಲ್ಲಿ ಅದೇ ಕೆಲಸ ಕಲಿತ ಇವರನ್ನು ಕರೆಸಿಕೊಂಡಿತು. ನಮ್ಮ ಅತ್ತೆ ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತ ಮಗನಿಗೆ ಒಂದೇ ಮಾತು ಹೇಳಿದರು: "ಅವರು ಹುಗದದ್ದು ಅವರ ತಗೀಲಿ. ನಿಂದೇನ್ ಹೋಗೇತಿ ಅಲ್ಲಿ?"

ಅತ್ತೆಗೂ ನನಗೂ ಉಪ್ಪಿನ ಪ್ರಮಾಣದಿಂದ ಹಿಡಿದು ಯಾವುದರಲ್ಲೂ ಒಮ್ಮತವಿಲ್ಲ. ಅವತ್ತು ಮಾತ್ರ ನಾನು ಅವರ ಮಗ್ಗಲಲ್ಲೇ ನಿಂತಿದ್ದೆ. ಆದರೂ ಇವರು ಹೋದರು.

ಮೊದಲ ಸಲ ರಜೆಗೆ ಬಂದಾಗ ಇವರ ಫೋನಿನಲ್ಲಿ ಒಂದು ಫೋಟೋ ನೋಡಿದೆ. ಜೊತೆಗೆ ಕೆಲಸ ಮಾಡುವವನೊಬ್ಬ ಆಸ್ಪತ್ರೆಯ ಮಂಚದ ಮೇಲೆ ನಗುತ್ತ ಕೂತಿದ್ದ. ಒಂದು ಕಾಲಿಗೆ ಮೊಣಕಾಲಿನವರೆಗೆ ಬ್ಯಾಂಡೇಜು. ಯಾರಿದು ಎಂದರೆ "ಸೈಕಲ್ ಮ್ಯಾಲಿಂದ ಬಿದ್ದಾನ" ಎಂದರು. ನಾನು ಸೈಕಲ್ ಮೇಲಿಂದ ಬಿದ್ದವರನ್ನು ಬೇಕಾದಷ್ಟು ನೋಡಿದ್ದೇನೆ. ಬ್ಯಾಂಡೇಜಿನ ತುದಿಯಲ್ಲಿ ಪಾದ ಇರುತ್ತದೆ. ಇವನಿಗೆ ಇರಲಿಲ್ಲ.

ಅವತ್ತೇ ನಾನು ಗಟ್ಟಿ ಮಾಡಿಕೊಂಡೆ, ಈ ರಜೆ ಮುಗಿದ ಮೇಲೆ ಇವರನ್ನು ಮತ್ತೆ ಕಳಿಸಬಾರದು. ಅಳುವುದು ನನಗೆ ಬರುವುದಿಲ್ಲ. ಉಪವಾಸ ಕೂತರೆ ಮೊದಲು ನನಗೇ ಹಸಿವಾಗುತ್ತದೆ. ಹಾಗಾಗಿ ಒಂದು ಪಂದ್ಯ ಕಟ್ಟಿದೆ.

ನಮ್ಮ ಕಬ್ಬಿನ ಹೊಲದ ಅಂಚಿಗೆ, ಬೇವಿನ ಮರದ ಮಗ್ಗಲಿಗೆ ಒಂದು ತುಂಡು ನೆಲವಿದೆ. ಹತ್ತಾರು ಸೀರೆ ಹಾಸಿದರೆ ಮುಚ್ಚಿಹೋಗುವಷ್ಟು. ವರ್ಷವೂ ಅಲ್ಲಿ ಮನೆಗೆಂದು ಕಡಲೆ ಬಿತ್ತುತ್ತೇವೆ. ಊಟಕ್ಕೆ ಕೂತಾಗ ಇವರಿಗೆ ಹೇಳಿದೆ: "ಬೇವಿನ ಮಗ್ಗಲ ತುಂಡಿನ್ಯಾಗ ಒಂದು ಸಾಮಾನು ಹುಗದೀನ್ರಿ. ನಿಮ್ಮ ರಜಾ ಮುಗಿಯೂದ್ರಾಗ ಹುಡುಕಿ ತಗದ್ರ ಹೋಗ್ರಿ, ನಾ ಅಡ್ಡ ಬರಾಂಗಿಲ್ಲ. ಸಿಗಲಿಲ್ಲಾಂದ್ರ ಬ್ಯಾಂಕಿನ ಸ್ಟೂಲ್ ಮ್ಯಾಲ ಕೂಡ್ರಬೇಕು."

ಇವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಖರೇನ ಹುಗದೀಯೇನ?"

"ಖರೇನ್ರಿ" ಎಂದೆ, ಸೆರಗಿನ ಚುಂಗು ಬೆರಳಿಗೆ ಸುತ್ತಿಕೊಳ್ಳುತ್ತ.

"ಆತು" ಎಂದು ಇವರು ಮತ್ತೆ ರೊಟ್ಟಿಗೆ ಕೈ ಹಾಕಿದರು. ನನಗೆ ಒಳಗೊಳಗೇ ನಗು. ನಾನು ಏನನ್ನೂ ಹುಗಿದಿರಲಿಲ್ಲ. ಇಲ್ಲದ ಸಾಮಾನನ್ನು ಮಿಲಿಟರಿಯಷ್ಟೇ ಅಲ್ಲ, ಅವರ ಅಪ್ಪ ಬಂದರೂ ಹುಡುಕಲಾರ. ಬ್ಯಾಂಕಿನ ಸಮವಸ್ತ್ರಕ್ಕೆ ಯಾವ ಬಣ್ಣ ಒಪ್ಪುತ್ತದೆ ಎಂದು ಯೋಚಿಸುತ್ತ ಮಲಗಿದೆ.

ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗಿ ನೋಡಿದರೆ ತುಂಡಿನ ಸುತ್ತ ಹುರಿ ಕಟ್ಟಿದ್ದರು. ಹುರಿಗೆ ಮೊಳಕ್ಕೊಂದು ಕೆಂಪು ಚಿಂದಿ. ಹತ್ತಿರ ಹೋಗಿ ನೋಡಿದೆ, ಅದು ತವರಿನಲ್ಲಿ ನನಗೆ ಉಡಿ ತುಂಬಿದ್ದ ಕುಪ್ಪಸದ ಖಣ.

"ಹೊಸಾ ಖಣಾ ಹರದೀರೇನ್ರಿ?"

"ಕೆಂಪು ಬೇಕಿತ್ತು" ಎಂದರು. ತಲೆಯನ್ನೂ ಎತ್ತಲಿಲ್ಲ.

ಮಂಡಿಯೂರಿ ಕೂತಿದ್ದರು. ಕೈಯಲ್ಲಿ ನನ್ನದೇ ಕುರ್ಪಿ, ಕಸ ತೆಗೆಯುವ ಕುರ್ಪಿ. ಮದುವೆಯಾದಾಗಿನಿಂದ ಅದನ್ನು ಮುಟ್ಟಿ ನೋಡದ ಮನುಷ್ಯ. ಮೊದಲು ಹುಲ್ಲನ್ನು ಎಳೆ ಎಳೆಯಾಗಿ ಕತ್ತರಿಸುವುದು, ಆಮೇಲೆ ಮಣ್ಣನ್ನು ಮಗ್ಗಲಿನಿಂದ ಮೆಲ್ಲಗೆ ಕೆರೆಯುವುದು, ಕೆರೆದ ಮಣ್ಣನ್ನು ಬೆರಳಲ್ಲಿ ಪುಡಿ ಮಾಡಿ ಹಿಂದಕ್ಕೆ ಸರಿಸುವುದು. ಮೇಲಿನಿಂದ ಒತ್ತಲೇಬಾರದಂತೆ. ಮಧ್ಯಾಹ್ನದ ಹೊತ್ತಿಗೆ ಒಂದು ಚಾಪೆ ಹಾಸುವಷ್ಟು ಜಾಗ ಮುಗಿದಿತ್ತು. ಕೂಲಿಗೆ ಬಂದ ಹೆಂಗಸು ಯಾರಾದರೂ ಹಾಗೆ ಕಸ ತೆಗೆದಿದ್ದರೆ ಅತ್ತೆ ಅವತ್ತೇ ಮನೆಗೆ ಕಳಿಸುತ್ತಿದ್ದರು.

ಅತ್ತೆ ಬೇವಿನ ಬುಡದಲ್ಲಿ ಚೀಲ ಹಾಸಿಕೊಂಡು ಅಡಕೊತ್ತು ಹಿಡಿದು ಕೂತೇ ಬಿಟ್ಟರು. ಕಟ್‌ ಕಟ್‌ ಎಂದು ಅಡಿಕೆ, ನಡುನಡುವೆ ಬೈಗುಳ. "ಲೇ, ಹಿಂಗ ಕೆರಕೋತ ಕುಂತರ ಕಡಲಿ ಬಿತ್ತೂದು ಯಾವಾಗ? ಯುಗಾದಿಗೇನು?" ಒಡ್ಡಿನಾಚೆಯ ಮರಾಠಿ ಮನೆಯವನು ಬಂದು "ಕಾಯ್ ಶೋಧತಾಯ್, ಭಾವ್?" ಎಂದು ಕೇಳಿದ. ಏನು ಹುಡುಕುತ್ತಿದ್ದೀರಿ ಎಂದವನಿಗೆ ಇವರು "ಮಾಹಿತ್ ನಾಹಿ" ಎಂದು ನಿಜವನ್ನೇ ಹೇಳಿದರು, ಗೊತ್ತಿಲ್ಲ ಎಂದು. ಅಷ್ಟೇ ಸಾಕಾಯಿತು. ಸಂಜೆಗೆ ಊರ ತುಂಬ ನಮ್ಮ ಹೊಲದಲ್ಲಿ ಹೊನ್ನಿನ ಕೊಡ ಇದೆ ಎಂದು ಸುದ್ದಿಯಾಗಿ, ಮರುದಿನ ಇಬ್ಬರು ನಿಂಬೆಹಣ್ಣು ತಂದರು. ಒಬ್ಬ ಪಾಲು ಕೇಳಿದ. ನಾನೂ ಸುಮ್ಮನಿರಲಿಲ್ಲ, ಕೊಡ ಎಷ್ಟು ದೊಡ್ಡದೆಂದು ಕೇಳಿದವರಿಗೆಲ್ಲ ಕೈಯಗಲಿಸಿ ತೋರಿಸಿದೆ.

ಸಿಕ್ಕಿದ್ದನ್ನೆಲ್ಲ ಇವರು ನನ್ನ ಮುಂದೆ ಹಿಡಿಯುತ್ತಿದ್ದರು. ಬಾಟಲಿ ಮುಚ್ಚಳ, "ಇದಾ?" ಅಲ್ಲ. ಬಳೆಚೂರು, "ಇದಾ?" ಅಲ್ಲ. ಒಂದು ದಿನ ತುಕ್ಕು ಹಿಡಿದ ಎತ್ತಿನ ಲಾಳ. ಅತ್ತೆ ಅದನ್ನು ಕಸಿದುಕೊಂಡು, ಅದನ್ನು ಕಳೆದುಕೊಂಡು ಕುಂಟುತ್ತ ಮನೆಗೆ ಬಂದ ಎತ್ತನ್ನು ನೆನೆಸಿ, ಸತ್ತ ಮಾವನನ್ನೂ ಸೇರಿಸಿ ಬೈದು, ಲಾಳವನ್ನು ಉಡಿಗೆ ಕಟ್ಟಿಕೊಂಡರು.

ಒಂದು ಮಧ್ಯಾಹ್ನ ಚಹಾ ಒಯ್ದೆ. ಸುತ್ತು ಹಾಕುವುದ್ಯಾಕೆ ಎಂದು ಹುರಿ ದಾಟಲು ಕಾಲೆತ್ತಿದೆ.

"ನಿಂದ್ರು."

ಕೂಗಲಿಲ್ಲ. ಆದರೆ ಆ ದನಿಯನ್ನು ಇಷ್ಟು ವರ್ಷದ ಸಂಸಾರದಲ್ಲಿ ನಾನು ಕೇಳಿರಲಿಲ್ಲ. ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು, ಚಹಾ ಕೈಮೇಲೆ ಚೆಲ್ಲಿತು. ಇವರು ಎದ್ದು, ಶುದ್ಧ ಮಾಡಿದ ಜಾಗದಲ್ಲೇ ಸುತ್ತಿ ಬಂದು, ನನ್ನ ರಟ್ಟೆ ಹಿಡಿದು ಹಿಂದೆ ಸರಿಸಿದರು.

"ಇಲ್ಲೇನ್ ಬಾಂಬ್ ಐತೇನ್ರಿ?" ಎಂದೆ. ನಗಲು ನೋಡಿದೆ, ಬರಲಿಲ್ಲ.

"ನೀ ಹುಗದೀನಿ ಅಂದಿ. ಅದು ಕೈಗಿ ಬರೂಮಟಾ ಇಡೀ ತುಂಡಿನ್ಯಾಗ ಐತಿ ಅಂತನ ಲೆಕ್ಕ."

ಉಳಿದ ಚಹಾ ಕುಡಿಯುತ್ತ ಅವತ್ತು ಮೊದಲ ಸಲ ಅಲ್ಲಿನ ಒಬ್ಬ ಹೆಂಗಸಿನ ಕತೆ ಹೇಳಿದರು. ಯುದ್ಧದ ಕಾಲಕ್ಕೆ ಊರು ಬಿಟ್ಟು ಓಡಿದವಳು. ತಿರುಗಿ ಬಂದು ನೋಡಿದರೆ ಮನೆ, ಬಾವಿ, ಹೊಲ ಎಲ್ಲ ಬಾಂಬಿದೆ ಎಂದು ನೆಟ್ಟ ಕೆಂಪು ಗೂಟಗಳ ಆಚೆ. ತಂಗಿಯ ತಗಡಿನ ಜೋಪಡಿಯಲ್ಲಿ ಇದ್ದಾಳಂತೆ. ಗೂಟಗಳ ಆಚೆ ಕಟ್ಟಿಗೆಗೆ ಹೋದ ನೆರೆಯವಳ ಕಾಲು ಹೋಯಿತು. ಮರುದಿನ ಇವಳೂ ಕಟ್ಟಿಗೆಗೆ ಅದೇ ಜಾಗಕ್ಕೇ ಹೋದಳು.

"ಯಾಕ್ರಿ? ಹುಚ್ಚೇನ ಆಕಿಗಿ?"

"ಒಲಿ ಹೊತ್ತಬೇಕಲ್ಲ" ಎಂದರು. "ಒಂದು ತುಂಡು ಮುಗದ್ರ ಮೊದಲ ನಾವು ಅದರ ಮ್ಯಾಲ ನಡದು ತೋರಸಬೇಕು, ಆಮ್ಯಾಲ ಅವರು. ಆಕಿ ನಮ್ಮನ್ನ ಎರಡೆರಡು ಸಲ ನಡಸ್ತಾಳ. ಇನ್ನ ಆಕಿ ಬಾವಿ ಇರೂ ತುಂಡು ಉಳದೇತಿ. ಬರ್ತೀನಿ ಅಂತ ಹೇಳಿ ಬಂದೀನಿ."

"ನನಗೇನ್ ಹೇಳೀರಿ?"

"ನಿನಗೂ ಬರ್ತೀನಿ ಅಂತನ ಹೇಳಿದ್ದೆ. ಬಂದೀನಲ್ಲ."

ಆ ಹೆಂಗಸು ಇವರ ಕೈಯಲ್ಲಿ ನನಗೆಂದು ತಾಳೆಗೆಡ್ಡೆ, ಅಂದರೆ ತಾಳೆಬೀಜದ ಮೊಳಕೆಯ ಗೆಡ್ಡೆ, ಒಣಗಿಸಿ ಕಳಿಸಿದ್ದಳು. ಕಲ್ಲಿನಷ್ಟು ಗಟ್ಟಿ. ಅತ್ತೆ ಅದನ್ನು ಅಡಕೊತ್ತಿನಲ್ಲಿಟ್ಟು ತುಂಡು ಮಾಡಿ ಕೊಟ್ಟಿದ್ದರು, ನಾವಿಬ್ಬರೂ ಅಗಿದು ತಿಂದಿದ್ದೆವು. ಅವತ್ತು ರಾತ್ರಿ ಅದು ನೆನಪಾಗಿ ನನಗೆ ಆ ಹೆಂಗಸಿನ ಮೇಲೆ ಸಿಟ್ಟೇ ಬಂತು. ನನ್ನ ಗಂಡನನ್ನು ಕರೆಯುವವಳು ಗೆಡ್ಡೆ ಬೇರೆ ಕಳಿಸುತ್ತಾಳೆ.

ರಜೆ ಮುಗಿಯುವ ಹಿಂದಿನ ದಿನ ಇವರು ಬೇವಿನ ಬುಡ ಮುಟ್ಟಿದರು. ಕೆರೆಯಲು ಇನ್ನು ಒಂದು ಗೇಣೂ ಉಳಿದಿರಲಿಲ್ಲ. ಎದ್ದು ಬೆನ್ನು ನೆಟ್ಟಗೆ ಮಾಡಿ, ಬರಿಗಾಲಲ್ಲಿ ತುಂಡಿನ ಉದ್ದಗಲಕ್ಕೂ ಹಿಮ್ಮಡಿ ಒತ್ತಿ ನಡೆದರು. ಆಮೇಲೆ ನನ್ನ ಮುಂದೆ ಬಂದು ನಿಂತು ಹೇಳಿದರು: "ಇದರಾಗ ಏನೂ ಇಲ್ಲ."

ಈ ಮಾತನ್ನು ನಾನು ಎಣಿಸಿರಲಿಲ್ಲ. ಸಿಗಲಿಲ್ಲ ಎನ್ನುತ್ತಾರೆ, ಸೋತೆ ಎನ್ನುತ್ತಾರೆ ಎಂದುಕೊಂಡಿದ್ದೆ. ಬಾಯಿಂದ ಹೊರಟೇಹೋಯಿತು: "ಐತ್ರಿ. ನೀವು ತಪ್ಪಿಸೀರಿ."

ಇವರ ಮುಖದಿಂದ ಬಣ್ಣ ಇಳಿಯಿತು. ತಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಕಿಸೆಯಿಂದ ಫೋನು ತೆಗೆದು ಕಿವಿಗೆ ಹಿಡಿದು, ನನಗೆ ಬೆನ್ನು ಮಾಡಿ ಹಿಂದಿಯಲ್ಲಿ ಮಾತಾಡತೊಡಗಿದರು. ಸಾಹೇಬರೇ, ನನ್ನ ಕೈಯಿಂದ ಒಂದು ತಪ್ಪಿಹೋಗಿದೆ. ಹೌದು, ನಮ್ಮದೇ ಹೊಲದಲ್ಲಿ. ಇನ್ನು ಈ ಕೈಯನ್ನು ನಂಬಬಾರದು, ನನ್ನ ಹೆಸರು ತೆಗೆದುಬಿಡಿ. ಆ ಬಾವಿಯ ಹೆಂಗಸಿಗೆ ನೀವೇ ಹೇಳಿ.

ನಾನು ಗೆದ್ದಿದ್ದೆ. ಕುಣಿಯಬೇಕಿತ್ತು. ಆದರೆ ಇವರು ಸ್ಟೂಲಿನ ಮೇಲೆ ಕೂತು ದಿನವಿಡೀ ತಮ್ಮ ಕೈಗಳನ್ನೇ ನೋಡಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಅಂಥ ಗಂಡಸನ್ನು ಮನೆಯಲ್ಲಿಟ್ಟುಕೊಂಡು ನಾನೇನು ಮಾಡಲಿ? ಓಡಿಹೋಗಿ ಫೋನು ಕಸಿದುಕೊಂಡು, ನನಗೆ ಬರುವ ಹಿಂದಿಯಲ್ಲಿ ಒದರಿದೆ: "ಸಾಬ್, ಕುಛ್ ನಹೀ ಥಾ ಸಾಬ್. ಹಮ್ ಕುಛ್ ಗಾಡೇಚ್ ನಹೀ. ಇನ್ಕಾ ಹಾತ್ ಅಚ್ಛಾ ಹೈ." ನಾನು ಏನೂ ಹುಗಿದೇ ಇಲ್ಲ, ಇವರ ಕೈ ಚೆನ್ನಾಗಿದೆ ಎಂದು.

ಆ ಕಡೆಯಿಂದ ಉತ್ತರವಿಲ್ಲ. ಫೋನು ಕಣ್ಣ ಮುಂದೆ ಹಿಡಿದು ನೋಡಿದೆ. ಪರದೆ ಕಪ್ಪಾಗಿತ್ತು. ಹಿಂದಿನ ರಾತ್ರಿ ಕರೆಂಟು ಇರಲಿಲ್ಲ, ಚಾರ್ಜು ಬೆಳಿಗ್ಗೆಯೇ ಸತ್ತಿತ್ತು.

ಬೇವಿನ ಬುಡದಲ್ಲಿ ಅತ್ತೆ ಅಡಕೊತ್ತು ಕೆಳಗಿಟ್ಟು ನಗುತ್ತಿದ್ದರು. ಇವರೂ ನಕ್ಕರು. ನಾನು ಮಣ್ಣಿನ ಹೆಂಟೆ ಎತ್ತಿ ಇವರ ಮೇಲೆ ಎಸೆದೆ. ಹೆಂಟೆ ಎಲ್ಲಿಂದ ಬರಬೇಕು, ಎಲ್ಲ ಪುಡಿ ಮಾಡಿಟ್ಟಿದ್ದರು. ಧೂಳು ನನ್ನ ಕಣ್ಣಿಗೇ ಬಿತ್ತು.

"ಯಾವಾಗ ಗೊತ್ತಾತ್ರಿ?"

"ಮೊದಲ್ನೇ ದಿನಾನ. ಅಗದ ಮಣ್ಣಿನ ಬಣ್ಣ ಬ್ಯಾರೆ ಇರತೈತಿ. ಅಲ್ಲದ, ಸುಳ್ಳ ಹೇಳೂವಾಗ ನೀ ಸೆರಗು ಸುತ್ತತಿ. ಆದ್ರ ಈಗ ನೀ 'ತಪ್ಪಿಸೀರಿ' ಅಂದಾಗ ಒಂದ್ ಗಳಿಗಿ ಖರೇನ ನಂಬಿದ್ನಿ."

"ಗೊತ್ತಿದ್ದೂ ರಜಾ ಪೂರಾ ಮಂಡಿಗಾಲ ಮ್ಯಾಲ ಯಾಕ ಕಳದ್ರಿ?"

ಇವರು ಹುರಿ ಬಿಚ್ಚಿ, ನನ್ನ ಖಣದ ಚಿಂದಿಗಳನ್ನು ಒಂದೊಂದಾಗಿ ಆರಿಸಿಕೊಳ್ಳುತ್ತ ಹೇಳಿದರು: "ನೀ ಹುಗದಿಲ್ಲಂತ ತಿಳಿಯೂದು ಬ್ಯಾರೆ. ಇದರಾಗ ಏನೂ ಇಲ್ಲಂತ ನಿನ್ನ ಮುಂದ ನಿಂತು ಹೇಳೂದು ಬ್ಯಾರೆ."

ಆಮೇಲೆ ನನ್ನನ್ನು ನಡೆಯಲು ಹೇಳಿದರು. ನಾನು ಚಪ್ಪಲಿ ಬಿಟ್ಟು ಆ ಮೂಲೆಯಿಂದ ಈ ಮೂಲೆಗೆ ಬರಿಗಾಲಲ್ಲಿ ನಡೆದೆ. ಮಣ್ಣು ಜರಡಿ ಹಿಡಿದ ಹಿಟ್ಟಿನಂತಿತ್ತು. ಮುಗಿದ ಮೇಲೆ ಇನ್ನೊಮ್ಮೆ ನಡೆದೆ. ಆ ಹೆಂಗಸು ಎರಡೆರಡು ಸಲ ಯಾಕೆ ನಡೆಸುತ್ತಾಳೆಂದು ಆಗ ತಿಳಿಯಿತು.

ಮರುದಿನ ಕುಡಚಿ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿಸಿದೆ. ಕಿಟಕಿಯಲ್ಲಿ ಇವರು ಏನೋ ಹೇಳಿದರು, ನನಗೆ ಕೇಳಿಸಲಿಲ್ಲ, ಕೇಳಿಸಿದಂತೆ ತಲೆಯಾಡಿಸಿದೆ. ನನಗೆ ಬಹಳ ಹೆದರಿಕೆಯಾಗಿತ್ತು. ಈಗಲೂ ಇದೆ.

ಊರಿಗೆ ಬಂದವಳು ಮನೆಗೆ ಹೋಗುವ ಮೊದಲು ಹೊಲಕ್ಕೆ ಹೋದೆ. ಅತ್ತೆ ಬೇವಿನ ಬುಡದಲ್ಲಿ ಅಡಕೊತ್ತು ಬಿಟ್ಟು ಹೋಗಿದ್ದರು. ಅದೇ ಕುರ್ಪಿಯಿಂದ ಮೊಳದಾಳ ಅಗೆದು ಅದನ್ನು ಹುಗಿದೆ, ಮೇಲೆ ಕಡಲೆ ಬಿತ್ತಿದೆ. ಎಂಟು ದಿನ ಬಿಟ್ಟು ಫೋನು ಬಂತು. ಬಾವಿಯ ತುಂಡು ಶುರುವಾಗಿದೆ ಎಂದರು.

"ಇಲ್ಲೂ ಒಂದು ಹುಗದೀನ್ರಿ" ಎಂದೆ. "ಈ ಸಲ ಖರೇನ."

"ಏನ್ ಹುಗದಿ? ಎಲ್ಲಿ?"

"ಬಂದು ಹುಡುಕ್ರಿ. ನಿಮ್ಮನ್ನ ಬಿಟ್ಟು ಯಾರಿಗೂ ಮುಟ್ಟಗೊಡಾಂಗಿಲ್ಲ."

ಈ ಸಲ ರೇಂಜ್ ಚೆನ್ನಾಗಿತ್ತು. "ಬರ್ತೀನಿ" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ನನ್ನ ಬೆರಳಿಗೂ ಸೆರಗು ಸುತ್ತಿರಲಿಲ್ಲ.

ಕಡಲೆ ಈಗ ಹೂವಿಗೆ ಬಂದಿದೆ. ಅತ್ತೆ ಅಡಿಕೆಯನ್ನು ಕಲ್ಲಿನಿಂದ ಜಜ್ಜಿಕೊಳ್ಳುತ್ತ, ಅಡಕೊತ್ತು ಕದ್ದವರ ಕೈ ಸೇದಿಹೋಗಲಿ ಎಂದು ದಿನಾ ಶಾಪ ಹಾಕುತ್ತಾರೆ. ನಾನು ಮಗ್ಗಲಲ್ಲೇ ಕೂತು ಹೌದ್ರಿ, ಹೌದ್ರಿ ಎನ್ನುತ್ತೇನೆ.