ಪುಸ್ತಕ ನಾನೇ ಕೊಟ್ಟದ್ದು

ನಮ್ಮ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುವುದಿಲ್ಲ. ಬೇಳೆಯನ್ನು ಮೊದಲೇ ನೆನೆಹಾಕಿ ಪಾತ್ರೆಯಲ್ಲೇ ಬೇಯಿಸುತ್ತೇನೆ. ಕುಚ್ಚಲಕ್ಕಿಗಂತೂ ಪಾತ್ರೆಯೇ ಸರಿ. ಮಿಕ್ಸಿಯನ್ನು ಮಡಿಸಿದ ಬೆಡ್‌ಶೀಟಿನ ಮೇಲಿಟ್ಟು, ಮಗಳು ಶಾಲೆಯ ವ್ಯಾನ್ ಹತ್ತಿದ ಮೇಲಷ್ಟೇ ತಿರುಗಿಸುತ್ತೇನೆ. ಆದರೆ ಮುಂಬಯಿ ಪಕ್ಕದ ಠಾಣೆಯ ವರ್ತಕ ನಗರದಲ್ಲಿ ನಾವಿದ್ದ ಕಟ್ಟಡದಲ್ಲಿ ನಮ್ಮದೊಂದೇ ಅಡುಗೆಮನೆ ಇರಲಿಲ್ಲವಲ್ಲ. ಕೆಳಗಿನ ಮನೆಯ ಕುಕ್ಕರ್ ಕೂಗಿದ ಕೂಡಲೇ ಹದಿನಾರು ವರ್ಷದ ನನ್ನ ಮಗಳು ಎರಡೂ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು, ಗೋಡೆಗೆ ಹಣೆ ಬಡಿಯುತ್ತಿದ್ದಳು. ಆ ಗೋಡೆಗೆ ಒಂದು ಹಾಸಿಗೆಯನ್ನು ಒರಗಿಸಿ ನಿಲ್ಲಿಸಿದ್ದೆ. ಕಿರುಚುವುದಕ್ಕೆ ಏನೂ ಒರಗಿಸಲಾಗುವುದಿಲ್ಲ.

ಅವಳಿಗೆ ಆಟಿಸಂ. ಮಾತು ತೀರಾ ಕಡಿಮೆ. ಹಸಿದರೆ 'ಖಾನಾ', ಸಾಕಾದರೆ 'ಬಸ್', ಹೊರಗೆ ಎಲ್ಲಿ ಹೋದರೂ ಸ್ವಲ್ಪ ಹೊತ್ತಿಗೆ 'ಘರ್', ಮನೆಗೆ. ನಮ್ಮ ಮನೆಮಾತು ತುಳು. ಮಗುವಿನ ಜೊತೆ ಒಂದೇ ಭಾಷೆ ಆಡಿ, ಶಾಲೆಯ ಭಾಷೆಯೇ ಇರಲಿ ಎಂದು ಥೆರಪಿಯವರು ಹೇಳಿದ್ದರಿಂದ ಅವಳೊಡನೆ ಮಾತ್ರ ನಾವಿಬ್ಬರೂ ನಮ್ಮ ಮುರುಕು ಹಿಂದಿಯಲ್ಲೇ ಮಾತಾಡುತ್ತಿದ್ದೆವು.

ಆ ಮನೆ ಬಾಡಿಗೆಯದು. ಇಲ್ಲಿ ಬಾಡಿಗೆಯೆಂದರೆ ಹನ್ನೊಂದು ತಿಂಗಳ ಅಗ್ರಿಮೆಂಟ್. ಅದು ಮುಗಿಯುತ್ತ ಬಂದ ಹಾಗೆ ಬಾಡಿಗೆದಾರರೆಲ್ಲ ಮಾಲೀಕರ ಮುಖ ನೋಡುತ್ತಾರೆ. ನಮ್ಮ ಮಾಲೀಕರು ಉಡುಪಿ ಕಡೆಯವರೇ, ಪಕ್ಕದ ಕಟ್ಟಡದಲ್ಲಿ ಇದ್ದರು. ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಊರಿಂದ ಹಲಸಿನ ಹಪ್ಪಳ ಬಂದರೆ ನಮಗೂ ಒಂದು ಕಟ್ಟು ಕಳಿಸುತ್ತಿದ್ದರು. ಪ್ರತಿ ಸಲ ಅಗ್ರಿಮೆಂಟ್ ತಾನಾಗಿಯೇ ಮುಂದುವರಿಯುತ್ತಿತ್ತು. ಆ ವರ್ಷ ಮಾತ್ರ ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿ ಕಿರುಚಾಟದ ದೂರು ಹಿಡಿದು ಎರಡು ಸಲ ಅವರ ಮನೆಗೆ ಹೋಗಿ ಬಂದಿದ್ದರು. ಅಕ್ಕ ಗೇಟಿನ ಹತ್ತಿರ ಸಿಕ್ಕಾಗ, "ನೋಡುವ ಮಾರಾಯ್ತಿ, ಇನ್ನೂ ಸಮಯ ಉಂಟಲ್ಲ," ಎಂದರು. ಆ 'ನೋಡುವ' ಕೇಳಿ ಮನೆಗೆ ಬಂದವಳೇ ಅಗ್ರಿಮೆಂಟಿನ ತಾರೀಕು ತೆಗೆದು ನೋಡಿದೆ. ಹಿಂದೊಮ್ಮೆ ಕಲ್ಯಾಣದಿಂದ ವರ್ತಕ ನಗರಕ್ಕೆ ಮನೆ ಬದಲಿಸಿದ್ದಾಗ ಮಗಳು ವಾರಗಟ್ಟಲೆ ಮೊಸರನ್ನದ ಹೊರತು ಏನನ್ನೂ ಬಾಯಿಗಿಡಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ನಿಂತೇ ಇರುತ್ತಿದ್ದಳು. ಕೈ ಕಚ್ಚಿಕೊಂಡ ಗುರುತು ಈಗಲೂ ಇದೆ. ಇನ್ನೊಂದು ಸಲ ಅದನ್ನು ಅವಳಿಂದ ಮಾಡಿಸುವ ಧೈರ್ಯ ನನಗೆ ಇರಲಿಲ್ಲ.

ಆ ದಿನಗಳಲ್ಲೇ ಕೈಗೆ ಬಂದದ್ದು ಆ ಕಾದಂಬರಿ. ಆಟಿಸಂ ಇರುವ ಹದಿಹರೆಯದ ಹುಡುಗನೊಬ್ಬ ತಾನೇ ಹೇಳಿಕೊಳ್ಳುವ ಕತೆ. ಅವನ ಅಪ್ಪ ಫ್ಯಾನು, ರೇಡಿಯೋ ರಿಪೇರಿ ಮಾಡುವವನು. ಹುಡುಗ ಸದ್ದು ಕೇಳಿಯೇ ಯಾವ ಫ್ಯಾನಿನಲ್ಲಿ ಏನು ಸವೆದಿದೆ ಎಂದು ಹೇಳಬಲ್ಲ. 'ಸದ್ದು ನನ್ನ ಉಗುರಿನ ಸಂದಿಗೆ ನುಗ್ಗುತ್ತದೆ, ಅದನ್ನು ಹೊರಗೆ ಹಾಕಲು ಕಿರುಚುತ್ತೇನೆ' ಎನ್ನುತ್ತಾನೆ ಒಂದು ಕಡೆ. ಅನ್ನಕ್ಕೆ ಇಟ್ಟ ನೀರು ಬತ್ತಿಹೋಗುವ ತನಕ ಆ ಸಾಲಿನಲ್ಲೇ ನಿಂತಿದ್ದೆ. ಮಗಳ ಬಾಯಿಂದ ಬರದ ಮಾತು ಇದೇ ಇರಬಹುದು ಅನ್ನಿಸಿತು. ಆಮೇಲೆ ಅವಳು ಕಿರುಚಿದಾಗೆಲ್ಲ ಅವಳ ಬೆರಳುಗಳನ್ನು ಒಂದೊಂದಾಗಿ ಒತ್ತಿ ಹಿಡಿದೆ. ಅದರಿಂದ ಏನಾದರೂ ಆಯಿತೆ, ಗೊತ್ತಿಲ್ಲ.

ನಮ್ಮಲ್ಲಿ ಕನ್ನಡದ ಹೆಂಗಸರ ಓದಿನ ಕೂಟವೊಂದಿತ್ತು. ತಿಂಗಳಿಗೊಂದು ಪುಸ್ತಕ. ಮನೆಯಲ್ಲಿ ಎಲ್ಲರೂ ಓದಿಕೊಂಡು ಬರುವುದು, ಸೇರಿದಾಗ ಆಯ್ದ ಭಾಗಗಳನ್ನು ಸರದಿಯಂತೆ ಗಟ್ಟಿಯಾಗಿ ಓದುವುದು, ನಡುವೆ ಚಹಾ, ತಿಂಡಿ. ಅಕ್ಕನ ಮನೆಯಲ್ಲೇ ನಡೆಯುತ್ತಿತ್ತು. ಪುಸ್ತಕ ಸೂಚಿಸದೆ ಮೂಲೆಯಲ್ಲಿ ಕೂತು ಕೇಳುತ್ತಿದ್ದವಳು ನಾನು. ಆ ತಿಂಗಳು ಮಾತ್ರ, "ಇದನ್ನು ಓದುವನಾ?" ಎಂದು ನಾನೇ ಅಕ್ಕನ ಕೈಗೆ ಕೊಟ್ಟೆ. ಕಿರುಚುವುದು ಹಟವಲ್ಲ ಎಂದು ನಾನು ಹೇಳಿದರೆ ತಾಯಿಯ ಮಾತಾಗುತ್ತದೆ, ಆ ಹುಡುಗನೇ ಹೇಳಲಿ, ಅಕ್ಕನಿಗೆ ಅರ್ಥವಾದರೆ ಅಗ್ರಿಮೆಂಟ್ ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ತುರ್ಭೆಯ ಹೊಟೇಲೊಂದರಲ್ಲಿ ಮ್ಯಾನೇಜರ್ ಆಗಿರುವ ನನ್ನ ಗಂಡ ನಕ್ಕುಬಿಟ್ಟರು. "ಜನ ಡಿಪಾಸಿಟ್ ಕೊಟ್ಟು ಮನೆ ಹಿಡೀತಾರೆ. ನೀನು ಕತೆ ಪುಸ್ತಕ ಕೊಟ್ಟು ಹಿಡೀಲಿಕ್ಕೆ ಹೊರಟಿದ್ದಿ."

ಕೂಟದ ದಿನ ಅವರು ರಜೆ ಹಾಕಿ ಮಗಳ ಜೊತೆ ಉಳಿದರು. ನಾನು ಹೋಗುವಾಗಲೇ ಅಕ್ಕನ ಮನೆಯ ಹಾಲ್ ತುಂಬ ಜನ ಸೇರಿದ್ದರು.

"ಎಂತ ಪುಸ್ತಕ ಕೊಟ್ಟಿ ಮಾರಾಯ್ತಿ," ಎಂದರು ಅಕ್ಕ. "ಎರಡು ದಿನ ನನಗೆ ಊಟ ಸೇರಲಿಲ್ಲ."

"ನಾ ಅಂತೂ ಅತ್ತೇಬಿಟ್ಟೆರಿ," ಎಂದರು ವಿಜಯಪುರ ಕಡೆಯ ಗೆಳತಿ. ಅವರ ಗಂಡ ಬೇಲಾಪುರದ ಆಫೀಸೊಂದರಲ್ಲಿದ್ದರು. "ಆ ಹುಡುಗನ ತಲಿ ನೋಡ್ರಿ, ಏನ್ ಚುರುಕ ಐತಿ. ನಿಮ್ಮ ಹುಡುಗಿ ಏನ್ ಮಾಡ್ತಾಳ್ರೀ? ಚಿತ್ರಾ ಗಿತ್ರಾ ತಗೀತಾಳೇನು?"

"ಇಲ್ಲ."

"ಹಾಡು?"

"ಇಲ್ಲ. ಟವೆಲ್ ಮಡಚುತ್ತಾಳೆ. ಚೆನ್ನಾಗಿ ಮಡಚುತ್ತಾಳೆ."

"ಅದೇನ್ ಕಡಿಮಿ ಬಿಡ್ರಿ, ನಮ್ಮ ಮನ್ಯಾಗ ಮೂರೂ ಗಂಡಸ್ರಿಗೆ ಒಂದ್ ಟವೆಲ್ ಮಡಚಾಕ ಬರೂದಿಲ್ಲ," ಎಂದರು ಅವರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬೆಂಗಳೂರಿನಿಂದ ಮದುವೆಯಾಗಿ ಬಂದಿದ್ದ ಹುಡುಗಿಯೊಬ್ಬಳು ಮಾತ್ರ ಗಂಭೀರವಾಗಿ, "ಹುಡುಕ್ಬೇಕು ಆಂಟಿ. ಇಂಥವ್ರಲ್ಲಿ ಏನಾದ್ರೂ ಒಂದು ಸ್ಪೆಷಲ್ ಇದ್ದೇ ಇರುತ್ತೆ, ಈ ಹುಡುಗನ್ನ ನೋಡಿ," ಎಂದಳು. ಅಲ್ಲಿದ್ದವರಿಗೆಲ್ಲ ನನ್ನ ಮಗಳಿಗಿಂತ ಆ ಹುಡುಗನ ಪರಿಚಯವೇ ಹೆಚ್ಚಾಗಿತ್ತು. ಅವನ ಪಕ್ಕದಲ್ಲಿ ಅವಳನ್ನು ನಿಲ್ಲಿಸಿ ಅಳೆಯುತ್ತಿದ್ದರು, ಅದೂ ಪ್ರೀತಿಯಿಂದಲೇ.

ಚಹಾದ ಹೊತ್ತಿಗೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದರು. ಗೋಳಿಬಜೆಯನ್ನು ತಟ್ಟೆಗಳಿಗೆ ಹಾಕುತ್ತ ಮೆಲ್ಲಗೆ ಹೇಳಿದರು. "ನಿನ್ನ ಮೇಲೆ ನನಗೆ ಬೇಜಾರಿಲ್ಲ ಆಯ್ತಾ. ಪುಸ್ತಕ ಓದಿದ ಮೇಲೆ ಒಂದು ಗೊತ್ತಾಯಿತು. ಅಂಥ ಮಕ್ಕಳಿಗೆ ಈ ಬಿಲ್ಡಿಂಗ್, ಈ ಲಿಫ್ಟ್, ಕುಕ್ಕರ್ ಎಲ್ಲ ಹಿಂಸೆ ಅಲ್ವಾ? ಉಗುರಿನ ಸಂದಿಗೆ ನುಗ್ತದೆ ಅಂತ ಅವನೇ ಹೇಳ್ತಾನಲ್ಲ. ಕೊನೆಗೆ ತೋಟದ ಹಾಸ್ಟೆಲಿಗೆ ಹೋದ ಮೇಲೆ ಎಷ್ಟು ಸುಖವಾಗಿದ್ದ, ಪಾಪ. ಕರ್ಜತ್ ಕಡೆ ಅಂಥದ್ದು ಒಂದು ಉಂಟಂತೆ. ಕೇಳಿ ನೋಡಿ."

"ಅವನು ಬಾಯಿಬಿಟ್ಟು ಹೇಳ್ತಾನೆ ಅಕ್ಕ," ಎಂದೆ. "ಇವಳಿಗೆ ಅಲ್ಲಿ ಯಾರಾದರೂ ಹೊಡೆದರೂ, ಏನು ಮಾಡಿದರೂ, ನನಗೆ ಗೊತ್ತಾಗಲಿಕ್ಕಿಲ್ಲ."

"ಅದೂ ಹೌದು," ಎಂದರು. ತಟ್ಟೆಯ ಅಂಚಿಗೆ ಚಟ್ನಿ ಹಾಕಿದರು. "ಆದರೆ ಸೊಸೈಟಿಯವರಿಗೆ ನಾನು ಎಷ್ಟು ಅಂತ ಹೇಳಲಿ? ಈ ಸಲ ಅಗ್ರಿಮೆಂಟ್ ಬೇಡ ಅಂತ ನಮ್ಮವರು ನಿಶ್ಚಯ ಮಾಡಿದ್ದಾರೆ. ಅವರಿಗೂ ಬೇಜಾರೇ. ನಿನ್ನೆ ಕೊನೆಯ ಅಧ್ಯಾಯ ನಾನೇ ಓದಿ ಹೇಳಿದೆ. ಇದರಲ್ಲಿ ನಾವು ನಿಮಗೆ ಅನ್ಯಾಯ ಮಾಡಿದ ಹಾಗೆ ಆಗೂದಿಲ್ಲ ಅಂತ ಅವರಿಗೂ ಸಮಾಧಾನ ಆಯಿತು."

ನಾನು ತಟ್ಟೆಗಳನ್ನು ಹೊರಗೆ ತಂದು ಹಂಚಿದೆ. ಸರದಿಯ ಪ್ರಕಾರ ಕೊನೆಯ ಅಧ್ಯಾಯ ನನ್ನ ಪಾಲಿಗೆ ಬಂದಿತ್ತು. ಪುಸ್ತಕ ತಂದವಳೇ ಮುಗಿಸಲಿ ಎಂದು ಎಲ್ಲರ ಒತ್ತಾಯ ಬೇರೆ. ಓದಿದೆ. ಹುಡುಗ ತೋಟದಲ್ಲಿ ಬದನೆ ಸಸಿಗಳಿಗೆ ನೀರು ಹಾಕುತ್ತ, ಇಲ್ಲಿ ಯಾವ ಸದ್ದೂ ನನ್ನನ್ನು ಹುಡುಕಿಕೊಂಡು ಬರುವುದಿಲ್ಲ ಎನ್ನುತ್ತಾನೆ. ಅಪ್ಪ ವರ್ಷಕ್ಕೆ ಎಷ್ಟು ಸಲ ಬಂದರು ಎಂದು ಅವನು ಹೇಳುವುದಿಲ್ಲ. ಮನೆಯಲ್ಲಿ ಒಬ್ಬಳೇ ಓದಿದಾಗ ನಾನೂ ಅದನ್ನು ಗಮನಿಸಿರಲಿಲ್ಲ. ಗಟ್ಟಿಯಾಗಿ ಓದುವಾಗ ಅದೊಂದೇ ಕಾಣಿಸಿತು. ಕರವಸ್ತ್ರಗಳು ಹೊರಗೆ ಬಂದವು. "ಎಷ್ಟು ಚೆನ್ನಾಗಿ ಓದಿದಿರಿ ಆಂಟಿ," ಎಂದಳು ಆ ಹುಡುಗಿ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಈ ಸಲ ನಗಲಿಲ್ಲ. ಮಗಳು ಒಗೆದ ಟವೆಲ್‌ಗಳ ರಾಶಿಯ ಮುಂದೆ ಕೂತಿದ್ದಳು. ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚುತ್ತಿದ್ದಳು. ಅವಳೊಳಗೂ ಆ ಹುಡುಗನಷ್ಟು ಮಾತಿದೆಯೋ, ಅಥವಾ ಅದು ನನ್ನ ಆಸೆಯೋ ಎಂಬ ಯೋಚನೆ ಆ ಸಂಜೆಯಿಂದ ಹಿಡಿದದ್ದು ಇನ್ನೂ ಬಿಟ್ಟಿಲ್ಲ.

ಮೊದಲು ಕಲ್ಯಾಣದಲ್ಲೇ ಮನೆ ನೋಡಿದೆವು. ಒಂದು ಕಡೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. "ವಿಚಾರ್ ಕರೂನ್ ಸಾಂಗತೋ," ಯೋಚಿಸಿ ಹೇಳುತ್ತೇವೆ ಎಂದವರು ಮತ್ತೆ ಫೋನ್ ಎತ್ತಲಿಲ್ಲ. ಇನ್ನೊಂದು ಕಡೆ ಮಗಳನ್ನು ಕಂಡ ಕೂಡಲೇ ಮನೆ ಯಾರಿಗೋ ಆಗಿಹೋಗಿತ್ತು. ಡೊಂಬಿವಲಿಗೆ ಹೋಗುವಾಗ ಟ್ರೇನಿನಲ್ಲಿ ಗಂಡ ಹೇಳಿದರು: "ನೀವಿಬ್ಬರೂ ಕೆಳಗೆ ರಿಕ್ಷಾದಲ್ಲೇ ಇರಿ. ಮೇಲೆ ಬರಬೇಡಿ."

ರಿಕ್ಷಾವನ್ನು ಗೇಟಿನ ಎದುರು ನಿಲ್ಲಿಸದೆ ಔಷಧಿ ಅಂಗಡಿಯ ಆಚೆ ನಿಲ್ಲಿಸಿದರು. ಸ್ವಲ್ಪ ಹೊತ್ತು ಕಾಯಬೇಕು ಎಂದಾಗ ಡ್ರೈವರ್ ಗೊಣಗುತ್ತ ಎಂಜಿನ್ ಆರಿಸಿದ. ಸ್ವಲ್ಪ ಹೊತ್ತಿಗೆ ಮೇಲಿನ ಬಾಲ್ಕನಿಯಲ್ಲಿ ಗಂಡ, ಪಕ್ಕದಲ್ಲಿ ಮಾಲೀಕರು ಕಾಣಿಸಿದರು. ಮಾಲೀಕರು ರಸ್ತೆಯ ಕಡೆ ಕೈ ತೋರಿಸಿ ಏನೋ ವಿವರಿಸುತ್ತಿದ್ದರು. ಅವರು ನಮ್ಮ ಕಡೆ ತಿರುಗಿದಾಗ ಗಂಡ ಒಂದು ಹೆಜ್ಜೆ ಸರಿದು ಅಡ್ಡ ನಿಂತರು. ನಾನೂ ಮಗಳ ತಲೆಯನ್ನು ನನ್ನ ಹೆಗಲಿಗೆ ಒತ್ತಿಕೊಂಡೆ.

ಕೆಳಗೆ ಬಂದು ರಿಕ್ಷಾ ಹತ್ತಿದರು. ಮಗಳು ನಮ್ಮಿಬ್ಬರ ನಡುವೆ.

"ಏನೆಂದರು?"

"ಒಂದನೇ ತಾರೀಕಿಗೆ ಬನ್ನಿ ಅಂದರು."

"ಮಕ್ಕಳ ವಿಷಯ ಕೇಳಿದರಾ?"

ಅವರು ಹೊರಗೆ ನೋಡುತ್ತಲೇ ಹೇಳಿದರು. "ಕೇಳಿದರು. ಒಬ್ಬಳು ಮಗಳು, ಊರಿನಲ್ಲಿ ಅಜ್ಜಿ ಮನೆಯಲ್ಲಿ ಓದ್ತಿದ್ದಾಳೆ ಅಂದೆ."

"ಘರ್," ಎಂದಳು ಮಗಳು.

"ಹಾಂ, ಘರ್," ಎಂದೆ. ರಿಕ್ಷಾ ಸ್ಟೇಷನ್ ಕಡೆ ಹೊರಟಿತು.